ಗೋದಿ ಹೊಲದಾಗ ಒಡಪು

...ಅಲ್ಲವಾ, ಐಸ್ ಅಂದ್ರ ನಿನ್ನ ಜ್ಯೂಸಿನ ಗ್ಲಾಸಿನಾಗ ಖಣಖಣ ಅಂತದಲ್ಲ, ಆ ಐಸ್ ಅಲ್ಲ ಮತ್ತ. ಅದು ಮ್ಯಾಲಿಂದ ಮಳಿ ಹಂಗ ಬೀಳೂದು, ಗಿಡದ ಮ್ಯಾಲ ಬಿದ್ದದ್ದು ಗಿಡದ ಮ್ಯಾಲ, ವಾಯರ್ ಮ್ಯಾಲ ಬಿದ್ದದ್ದು ವಾಯರ್ ಮ್ಯಾಲ ಹಂಗ ಗಾಜಾಗಿ ಕೂತ್ ಬಿಡೂದು. ಮಳಿ ಬಂತು ಅಂತ ನಾನು ಒಣಗಾಕ ಹಾಕಿದ ಅರಿವಿ ತರಾಕ ಓಡಿದೆ, ನೋಡಿದ್ರ ನಿಮ್ಮಜ್ಜನ ಧೋತರ ಹಗ್ಗದ ಮ್ಯಾಲ ಹಪ್ಪಳ ಆಗಿ ನಿಂತದ! ಮಡಚಾಕ ಹೋದೆ, ಟಕ್ ಅಂತ ಸಪ್ಪಳ ಆತು. ನಗಬ್ಯಾಡ್ರಿ. ಆಗ ನನಗೇನ್ ನಗು ಬಂದಿರಲಿಲ್ಲ, ಒಳ್ಳೇ ಧೋತರ ಅದು.

ಆಗ ನಾವು ಈ ಫ್ಲವರ್ ಮೌಂಡ್ ಊರಾಗ ಇರಲಿಲ್ಲ. ಹಿಂಗ ಉತ್ತರಕ್ಕ ಡ್ರೈವ್ ಮಾಡ್ಕೋತ ಹೋದ್ರ ಅಂಗಡಿ ಮುಗದು, ಮನಿ ಮುಗದು, ಬರೇ ಹೊಲಾ ಶುರು ಆಗ್ತಾವಲ್ಲ, ಇನ್ನೊಂಚೂರು ಹೋದ್ರ ಓಕ್ಲಹೋಮಾನ ಬಂದ್ ಬಿಡ್ತದ, ಅಲ್ಲಿ, ಟೆಕ್ಸಾಸಿನ ಅಂಚಿನಾಗ. ನಿಮ್ಮವ್ವ, ಅಂದ್ರ ನನ್ನ ಮಗಳು ವಿಜಯಾ, ದನದ ಡಾಕ್ಟರ್ ಆಗಿ ಹೊಸದಾಗಿ ನೌಕರಿ ಹಿಡದಿದ್ಲು. ನಿಮ್ಮಪ್ಪಾರಿಗೆ ಆಸ್ಟಿನ್ ಕಡೆ ಕೆಲಸ, ಜಾರ್ಜ್‌ಟೌನ್‌ನಾಗ ಒಂದ್ ರೂಮ್ ಮಾಡ್ಕೊಂಡಿದ್ರು, ವಾರಕ್ಕೊಮ್ಮೆ ಬಂದ್ ಹೋಗೂದು. ಮೇಘಾ, ನೀ ಆಗ ನಾಲ್ಕ್ ವರ್ಷದಾಕಿ. ಈ ಪುಟ್ಯಾ ಇನ್ನೂ ಹುಟ್ಟೇ ಇರಲಿಲ್ಲ. ನಿನ್ನ ನೋಡ್ಕೊಳ್ಳಾಕ ಅಂತ ನಾವಿಬ್ರೂ ಮುದುಕರು ವಿಜಾಪುರದ ಕಡಿಂದ ಬಂದಿದ್ವಿ. ಅಮೇರಿಕಾ ಅಂದ್ರ ದೊಡ್ಡ ದೊಡ್ಡ ಬಿಲ್ಡಿಂಗ್ ಇರ್ತಾವ ಅಂತ ನಾ ತಿಳದಿದ್ದೆ. ಇಲ್ಲಿ ಬಂದ್ ನೋಡಿದ್ರ ಎದುರಿಗೆ ದನಾ, ಹಿಂದ ದನಾ, ನಡಕ ನಮ್ಮ ಮನಿ. ನಿಮ್ಮಜ್ಜಗ ಖುಷಿನ ಖುಷಿ. ನಾ ಅಂದೆ, ‘ದನಾ ನೋಡಾಕ ವಿಮಾನ ಹತ್ತಿ ಬರಬೇಕಾಗಿತ್ತೇನ್ರಿ?’

ಹಾಂ, ಐಸ್ ಬಿತ್ತಲ್ಲ, ಕರೆಂಟ್ ಹೋತು. ನಮ್ಮ ಊರಾಗ ಕರೆಂಟ್ ಹೋದ್ರ ಯಾರೂ ತಲಿ ಕೆಡಿಸ್ಕೊಳ್ಳೂದಿಲ್ಲ, ಬಂದ್ರನ ಆಶ್ಚರ್ಯ. ಇಲ್ಲಿ ಹಂಗಲ್ಲ, ಕರೆಂಟ್ ಹೋತು ಅಂದ್ರ ಒಲಿ ಹೋತು, ಹೀಟರ್ ಹೋತು, ಬಾವಿ ಪಂಪು ಹೋತು, ನೀರೂ ಹೋತು. ಪೈಪ್ ಒಡೀತಾವ ಅಂತ ನನ್ನ ಹಳೇ ಸೀರಿ ಹರದು ಪೈಪಿಗೆಲ್ಲಾ ಸುತ್ತಿದ್ವಿ. ಪಾಪ, ಬಾಣಂತಿ ತಲಿಗೆ ಸುತ್ತಿದಂಗ. ಎಲ್ಲಾರೂ ಒಂದ ಖೋಲಿಯಾಗ, ಗ್ವಾಡ್ಯಾಗಿನ ಬೆಂಕಿ ಒಲಿ ಮುಂದ ಹಾಸ್ಕೊಂಡು ಮಲಗೂದು. ಅಂಗಡ್ಯಾಗ ಬ್ರೆಡ್ ಇಲ್ಲ, ಹಾಲಿಲ್ಲ, ಮಂದಿ ಎಲ್ಲಾ ಹೊತ್ಕೊಂಡ್ ಹೋಗಿದ್ರು. ಹಿಟ್ಟು ಬ್ಯಾಳಿ ನಮ್ಮ ಹತ್ರ ಇದ್ವು, ಅದಕ್ಕೇನ್ ಚಿಂತಿ ಇರಲಿಲ್ಲ. ಆದ್ರ ಆ ಚಳಿ! ಊರಾಗ ಚಳಿಗಾಲ ಅಂದ್ರ ಹಬ್ಬ ಇದ್ದಂಗ. ಹೊಲದಾಗ ಕುಳ್ಳು ಹಚ್ಚೂದು, ಹಸೀ ಜ್ವಾಳದ ತೆನಿ ಸುಟ್ಟು ಸೀತನಿ ತಿನ್ನೂದು, ಬಿಸಲಿಗೆ ಕಟ್ಟಿ ಮ್ಯಾಲ ಕುಂಡ್ರೂದು. ಇಲ್ಲಿ ಚಳಿ ಅಂದ್ರ ಬಾಗಿಲ ತೆಗದ್ರ ಮೂಗಿನಾಗಿನ ಉಸರು ಕಟ್ತದ. ನಾ ಅಂತೂ ದಿನಾ ಅಳತಿದ್ದೆ. ಹೂಂ, ಬಚ್ಚಲಕ್ಕ ಹೋಗಿ ಅಳತಿದ್ದೆ, ನಿಮ್ಮವ್ವಗ ಗೊತ್ತಾಗಬಾರದು ಅಂತ.

ಆ ಕಷ್ಟದಾಗ ನಮಗ ಆಸರ ಆದಾಕಿ ಬಾಜೂ ಹೊಲದ ಡಾರ್ಲೀನ್. ನನ್ನ ವಾರಗಿಯಾಕಿ, ಎತ್ತರ ಆಳು, ಗಂಡಸರ ಕೋಟು ಹಾಕ್ಕೊಂಡು ಸಣ್ಣ ನಾಲ್ಕ್ ಗಾಲಿ ಗಾಡಿ ಹೊಡ್ಕೊಂಡು ಹೊಲಾ ತಿರಗಾಕಿ. ಕಟಗಿ ತಂದ್ ಕೊಟ್ಲು, ಕ್ಯಾನ್‌ನಾಗ ನೀರು ತಂದ್ ಕೊಟ್ಲು. ನಿಮ್ಮಜ್ಜ ಆಕಿನ ಕರೀಬೇಕಂದ್ರ ಕೆಮ್ಮತಿದ್ರು. ಯಾಕ ಅಂದ್ರ ಡಾರ್ಲೀನ್ ಅನ್ನಾಕ ಹೋದ್ರ ಇವ್ರ ಬಾಯಾಗ ಡಾರ್ಲಿಂಗ್ ಅಂತ ಬರ್ತಿತ್ತು! ‘ಹೆಂಡತಿ ಮುಂದ ಹೆಂಗ ಕರೀಲಿ ಮಾರಾಯ್ತಿ’ ಅಂತ ಬರೇ ‘ಮೇಡಮ್, ಮೇಡಮ್’ ಅನ್ನೂದು.

ಹಂಗ ಮಾಡ್ಕೋತ ಎಳ್ಳಮಾಸಿ ಬಂತು. ಎಳ್ಳ ಅಮಾಸಿ ಗೊತ್ತಿಲ್ಲೇನ್ ನಿನಗ? ಹೇಳ್ತೀನಿ ತಡಿ. ಚಳಿಗಾಲದಾಗ ಹೊಲದಾಗ ಜ್ವಾಳಾ, ಕಡ್ಲಿ, ಗೋದಿ ನಿಂತಿರ್ತಾವ. ಅಂದ್ರ ಭೂಮ್ತಾಯಿ ಆಗ ಬಸರಿ. ಬಸರಿಗೆ ಬಯಕಿ ಊಟ ಮಾಡಿ ಹಾಕ್ತಾರಲ್ಲ, ಹಂಗ ಆಕಿಗೆ ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗಿ, ಎಣ್ಣಿಗಾಯಿ, ಎಲ್ಲಾ ಸೊಪ್ಪು ಕಾಳು ಕೂಡಿಸಿದ ಭಜ್ಜಿ. ಎಲ್ಲಾ ಬುಟ್ಟಿ ತುಂಬಿ ಹೊಲಕ್ಕ ಒಯ್ದು, ಬನ್ನಿ ಗಿಡದ ಬುಡಕ ಐದ್ ಕಲ್ಲಿಟ್ಟು ಪಾಂಡವರು ಅಂತ ಪೂಜಿ ಮಾಡಿ, ಆಮ್ಯಾಲ ಹೊಲದ ತುಂಬ ಅಡಗಿ ಚೆಲ್ಲೂದು. ಅದಕ್ಕ ಚರಗ ಚೆಲ್ಲೂದು ಅಂತಾರ. ಮುಂದ ಒಬ್ಬರು ಚೆಲ್ಲಕೋತ ‘ಹುಲ್ಲುಲ್ಲಿಗ್ಯೋ’ ಅನ್ನೂದು, ಹಿಂದಿನವರು ‘ಸಲಾಂಬ್ರಿಗ್ಯೋ’ ಅನ್ನೂದು. ಅರ್ಥ ಏನಂತ ಕೇಳಬ್ಯಾಡ, ನನಗೂ ಗೊತ್ತಿಲ್ಲ, ಊರಿಗೊಂದ್ ಥರಾ ಅಂತಾರ. ಭೂಮ್ತಾಯಿ ಉಣ್ಣೂ ತನಕಾ ಮನ್ಯಾಗಿನ ಗಂಡಸರು ಬಾಯಾಗ ಒಂದ್ ಅಗಳೂ ಹಾಕೂದಿಲ್ಲ. ನಿಮ್ಮಜ್ಜ ಹುಟ್ಟಿದಾಗಿಂದ ಒಂದ್ ವರ್ಷನೂ ಬಿಟ್ಟಿರಲಿಲ್ಲ.

ಆ ವರ್ಷ ಎಳ್ಳಮಾಸಿ ಸರಿಯಾಗಿ ನ್ಯೂ ಇಯರ್ ದಿನಾನ ಬಂದಿತ್ತು. ಕರೆಂಟ್ ಬಂದಿತ್ತು ಆಗ. ಅಲ್ಲಲ್ಲ, ಬಂದು, ಮತ್ತ ಹೋಗಿ, ಮತ್ತ ಬಂದಿತ್ತು. ಐಸ್ ಮತ್ತೊಮ್ಮೆ ಬಿದ್ದಿತ್ತು. ವಿಜಯಾ ಇರ್ವಿಂಗ್ ಊರಿನ ಇಂಡಿಯನ್ ಅಂಗಡಿಂದ ಸಜ್ಜಿ ಹಿಟ್ಟು ಮೊದಲ ತಂದಿಟ್ಟಿದ್ಲು, ಹಿಂದಿನ ದಿನಾನ ಎಲ್ಲಾ ಅಡಗಿ ಮಾಡಿ ಇಟ್ಟಿದ್ವಿ. ಭಜ್ಜಿಗೆ ಹುಣಸಿ ಚಿಗರಿಲ್ಲ, ಕಡ್ಲಿ ಸೊಪ್ಪಿಲ್ಲ, ಬರೇ ಪಾಲಕ್. ಆಗಲಿ, ಇದ್ದದ್ರಾಗ ಹಬ್ಬ. ನಿಮ್ಮಜ್ಜ ಮೆಲ್ಲಕ ಶುರು ಮಾಡಿದ್ರು, ‘ಮೇಡಮ್ಮಾರ ಗೋದಿ ಏನ್ ಚಂದ ಬಂದದ ನೋಡಿದಿ? ಚರಗ ಚೆಲ್ಲಿ ಬರ್ತೀನಿ.’ ವಿಜಯಾ ಹೌಹಾರಿದ್ಲು. ‘ಅಪ್ಪಾ, ಬ್ಯಾಡಪ್ಪಾ! ಅದು ಮಂದಿ ಹೊಲಾ. ಕೇಳಲಾರದ ಒಳಗ ಹೋದ್ರ ಇಲ್ಲೆಲ್ಲಾ ಬಂದೂಕು ಇರ್ತಾವ. ಮ್ಯಾಲ ಐಸ್ ಬ್ಯಾರೆ, ಜಾರಿ ಬಿದ್ರ ಏನ್ ಮಾಡೂದು? ಹಿತ್ತಲದಾಗ ಎರಡ್ ತುತ್ತು ಚೆಲ್ಲು, ಸಾಕು.’ ಇವ್ರು ಹೂಂ ಅಂದ್ರು. ನಿಮ್ಮಜ್ಜ ಹೂಂ ಅಂದ್ರ ನೀವು ಹೆದರಬೇಕು, ಊಹೂಂ ಅಂದ್ರ ಮಾತಾಡಾಕ ಜಾಗಾ ಇರ್ತದ, ಹೂಂ ಅಂದ್ರು ಅಂದ್ರ ತಮ್ಮದ ನಡಸ್ತಾರ.

ಮುಂಜಾನೆ ವಿಜಯಾಗ ಫೋನ್ ಬಂತು. ಎಲ್ಲೋ ಒಂದ್ ಆಕಳಿಗೆ ಕರು ಅಡ್ಡ ಆಗ್ಯಾದಂತ. ಹಬ್ಬ ಇಲ್ಲ ಹುಣ್ಣಿವಿ ಇಲ್ಲ, ದನದ ಡಾಕ್ಟರ್ ಓಡಬೇಕು. ‘ಅವ್ವಾ, ಅಪ್ಪನ್ನ ಹೊರಗ ಬಿಡಬ್ಯಾಡ’ ಅಂತ ಹೇಳಿ ಹೋದ್ಲು. ನಿಮ್ಮಪ್ಪಾರು ಆಸ್ಟಿನ್‌ನಾಗ ಸಿಕ್ಕೊಂಡಿದ್ರು, ರಸ್ತಾ ಬಂದ್. ನಾ ನಿನಗ ಹಾಲ ಕುಡಿಸಿ, ಜಡಿ ಹಾಕಿ, ಆ ಜಡಿ ಹಾಕೂದೇನ್ ಸುಮ್ನೇನ, ಓಡ್ಯಾಡಿ ಓಡ್ಯಾಡಿ ಸಾಕ್ ಮಾಡ್ತಿದ್ದಿ ನೀ. ಮುಗಿಸಿ ನೋಡ್ತೀನಿ, ಅಡಗಿ ಬುಟ್ಟಿ ಇಲ್ಲ. ಕಂಬಳಿ ಇಲ್ಲ. ಬಾಗಲದಾಗಿನ ಬೂಟ್ ಇಲ್ಲ. ಫೋನ್ ಮಾತ್ರ ಟೇಬಲ್ ಮ್ಯಾಲ ಆರಾಮ ಕೂತದ. ಮತ್ತ ಬಾಜೂಕ ಸಕ್ರಿ ಗುಳಗಿ ಡಬ್ಬಿ, ಮುಚ್ಚಳ ತೆಗದದ್ದು.

ಇವ್ರಿಗೆ ಸಕ್ರಿ ಬ್ಯಾನಿ, ಗೊತ್ತದಲ್ಲ ನಿಮಗ. ಗುಳಗಿ ತಗೊಂಡ್ರ ಮ್ಯಾಲ ಉಣಬೇಕು, ಇಲ್ಲಂದ್ರ ಸಕ್ರಿ ಇಳದು ಕಣ್ಣಿಗೆ ಕತ್ತಲಿ ಬಂದ್ ಬಿಡ್ತದ. ಊರಾಗ ಒಮ್ಮೆ ಹಂಗ ಆಗಿ ಬಸ್ ಸ್ಟ್ಯಾಂಡಿನಾಗ ಬಿದ್ದಿದ್ರು. ಅಲ್ಲಾದ್ರ ಮಂದಿ ಇದ್ರು, ಎತ್ತಿ ಸೋಡಾ ಕುಡಿಸಿದ್ರು. ಇಲ್ಲಿ ಆ ಐಸಿನಾಗ ಬಿದ್ರ ಎತ್ತಾವ್ರ ಯಾರು? ಗುಳಗಿ ತಗೊಂಡಾರ, ಚರಗ ಚೆಲ್ಲೂ ತನಕಾ ಉಣ್ಣೂ ಪೈಕಿ ಅಲ್ಲ. ಕೈಯಾಗ ಬುಟ್ಟಿ ತುಂಬ ಹೋಳಿಗಿ ಇಟ್ಕೊಂಡು ಉಪವಾಸ ಹೊಂಟಾನ ನನ್ನ ದೇವ್ರು! ನಿನಗ ಸಿಕ್ಕ ಸ್ವೆಟರೆಲ್ಲಾ ತೊಡಿಸಿ, ಬಗಲಾಗ ಎತ್ಕೊಂಡು ಹಿತ್ತಲಕ್ಕ ಓಡಿದೆ. ಮಂಜಂದ್ರ ಮಂಜು, ಬೇಲಿ ಆಚಿಗೆ ಏನೂ ಕಾಣ್ಸೂದಿಲ್ಲ. ನಿಂತು ಒದರಿದೆ, ‘ರೀ! ಏನ್ರೀ! ರೀ!’ ಒಂದ್ ಹಕ್ಕಿ ಸೈತ ಓ ಅನ್ನಲಿಲ್ಲ.

ಅಷ್ಟರಾಗ ಡಾರ್ಲೀನ್ ಬಂದ್ಲು ಗಾಡಿ ಹೊಡ್ಕೊಂಡು. ಕೈಯಾಗ ಒಂದ್ ಬೋಗಣಿ. ಅಲಸಂದಿ ಕಾಳು ಕುದಿಸಿ ತಂದಿದ್ಲು, ನ್ಯೂ ಇಯರ್ ದಿನಾ ಅಲಸಂದಿ ಉಂಡ್ರ ವರ್ಷಾ ಪೂರ್ತಿ ಚಲೋ ಆಗ್ತದಂತ ಅವ್ರ ಕಡೆ. ನೋಡ್ರಿ, ಅವ್ರದೂ ಕಾಳು, ನಮ್ಮದೂ ಕಾಳು. ಆದ್ರ ಆಗ ನನಗೆಲ್ಲಿ ಅದು ತಲ್ಯಾಗ? ‘ಹಸ್ಬೆಂಡ್! ಗೋ! ಶುಗರ್! ನೋ ಈಟ್!’ ಅಂದೆ. ನನ್ನ ಇಂಗ್ಲಿಷ್ ಅಷ್ಟ. ಆಕಿಗೆ ಎಲ್ಲಾ ತಿಳೀತು. ಬೋಗಣಿ ಕಟ್ಟಿ ಮ್ಯಾಲ ಇಟ್ಟು, ನಮ್ಮಿಬ್ರನ್ನ ಗಾಡ್ಯಾಗ ಕುಂಡ್ರಿಸಿ, ‘ವಾಟ್ಸ್ ಹಿಸ್ ನೇಮ್, ಹನೀ?’ ಅಂದ್ಲು.

ನಾ ಸೆರಗ ಬಾಯಿಗೆ ಅಡ್ಡ ಹಿಡದೆ.

ಅಲ್ಲವಾ ಮೇಘಾ, ನಾಳೆ ಮದಿವ್ಯಾದ್ರ ನೀ ನಿನ್ನ ಗಂಡನ್ನ ಹೆಸರ್ ಹಿಡದ ಕರೀತೀ, ಬಿಡು. ನಮ್ಮ ಕಾಲದಾಗ ಹೆಂಗಸರು ಗಂಡನ ಹೆಸರು ಹೇಳೂದಿಲ್ಲ. ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗ್ತದ ಅಂತ ನಮ್ಮವ್ವ ಸಣ್ಣಾಕಿದ್ದಾಗಿಂದ ತಲ್ಯಾಗ ತುಂಬಿದ್ಲು. ರೇಶನ್ ಕಾರ್ಡ್ ಮಾಡ್ಸಾಕ ಹೋದ್ರ ಬಾಜೂ ನಿಂತಾಕಿ ನನ್ನ ಗಂಡನ ಹೆಸರು ಹೇಳೂದು, ನಾ ಆಕಿ ಗಂಡಂದು ಹೇಳೂದು. ಡಾಲಸ್ ಏರ್‌ಪೋರ್ಟಿನಾಗ ಆ ಆಫೀಸರ್ ಕೇಳಿದಾಗ ಪಾಸ್‌ಪೋರ್ಟ್ ಮ್ಯಾಲ ಬಟ್ಟು ಇಟ್ಟು ತೋರ್ಸಿದೆ, ಅಂವ ನನಗ ಮಾತ ಬರೂದಿಲ್ಲ ಅಂತ ತಿಳದ. ಹಿಂಗಿದ್ದಾಕಿ, ಆವತ್ತ, ಇವ್ರ ಆಯುಷ್ಯದ್ದ ಪ್ರಶ್ನಿ ಬಂದ ದಿನಾ ಹೆಸರ್ ಹೇಳ್ತೀನೇನು? ನನ್ನ ಬಾಯಿ ಹೊಲದಂಗ ಆತು. ಡಾರ್ಲೀನ್ ಮತ್ತ ಕೇಳಿದ್ಲು. ನಾ ಮಂಜಿನ ಕಡೆ ಹೊಳ್ಳಿ ‘ರೀ!’ ಅಂತ ಒದರಿದೆ. ಆಕಿ, ‘ಓ, ರೀ! ಓಕೆ!’ ಅಂದ್ಲು.

ಫೋನ್ ಹಚ್ಚಿ ಗಂಡಗ ಹೇಳಿದ್ಲು, ಅಂವ ಆಳುಗಳಿಗೆ ಹೇಳಿದ. ಗಳಗಿಯೊಳಗ ಆಚೆ ಕಡಿಂದ ಒಬ್ಬಂವ ದಪ್ಪ ದನಿಲೇ ‘ರೀ...ಈ! ರೀ...ಈ!’ ಅಂತಾನ, ಈಚೆ ಕಡಿಂದ ಇನ್ನೊಬ್ಬಂವ ‘ಮಿಸ್ಟರ್ ರೀ!’ ಅಂತಾನ. ಟೆಕ್ಸಾಸಿನ ಗಂಡಸರೆಲ್ಲಾ ಕೂಡಿ ನನ್ನ ಗಂಡನ್ನ ರೀ ಅಂತ ಕರಿಯಾಕತ್ತಾರ! ಸಾಲದ್ದಕ್ಕ ನೀ, ‘ನೋ, ಹಿಸ್ ನೇಮ್ ಈಸ್ ಅಜ್ಜಾ’ ಅಂದಿ. ಡಾರ್ಲೀನ್ ಗಾಬರಿ ಆದ್ಲು, ಹೆಸರು ರೀ ಏನು, ಅಜ್ಜಾ ಏನು? ಅರ್ಧ ಮಂದಿ ರೀ, ಅರ್ಧ ಮಂದಿ ಅಜ್ಜಾ. ಈಗ ನಗ್ರಿ, ನಗಬಹುದು. ಆಗ ನಾ ಒಳಗ ಸತ್ತು ಸುಣ್ಣ ಆಗಿದ್ದೆ.

ಕೆರಿ ಕಡೆ ನೋಡಿದ್ರು, ರಸ್ತಾ ಕಡೆ ನೋಡಿದ್ರು, ಎಲ್ಲೂ ಇಲ್ಲ. ಆಗ ಗಾಡಿ ಗೋದಿ ಹೊಲದ ಅಂಚಿಗೆ ಬಂತು. ಅಲ್ಲಿ ಐಸಿನ ಮ್ಯಾಲ ನೋಡ್ತೀನಿ, ಭಜ್ಜಿ. ಆಚಿಗೆ ಒಂದ್ ಕಡಬಿನ ತುಣಕು. ‘ಇಲ್ಲೇ, ಇಲ್ಲೇ!’ ಅಂದೆ. ಒಂದೀಟು ದೂರದ ತನಕಾ ಇತ್ತು, ಮುಂದ ಏನೂ ಇಲ್ಲ, ಬರೇ ಮಂಜು. ಡಾರ್ಲೀನ್ ಗಾಡಿ ಬಂದ್ ಮಾಡಿದ್ಲು. ನನ್ನ ಎರಡೂ ಭುಜ ಹಿಡ್ಕೊಂಡು ನಿಂತ್ಲು. ಆಕಿ ಅಂದದ್ದು ನನಗ ಪೂರ್ತಿ ತಿಳೀಲಿಲ್ಲ, ಆದ್ರ ತಿಳೀತು. ‘ನಮ್ಮ ದನಿ ಅವ್ರಿಗೆ ಗೊತ್ತಿಲ್ಲ. ನೀ ಕರಿ. ಖರೇ ಹೆಸರು ಹಿಡದು ಕರಿ. ಈಗ.’

ಏನ್ ಮಾಡ್ಲಿ? ಹೇಳಿದ್ರ ಆಯುಷ್ಯ ಹೋಗ್ತದ, ಹೇಳದಿದ್ರ ಈಗಿಂದೀಗ ಹೋಗ್ತದ. ಆಗ ಥಟ್ಟನ ನೆನಪಾತು ನೋಡ್ರಿ, ಒಡಪು! ನಮ್ಮ ಕಡೆ ಮದಿವ್ಯಾಗ, ಸೀಮಂತದಾಗ ಹೆಂಗಸರೆಲ್ಲಾ ಹೊಚ್ಚಲಕ್ಕ ಅಡ್ಡ ನಿಂತು ‘ಗಂಡನ ಹೆಸರ್ ಹೇಳು, ಒಳಗ ಬಿಡ್ತೀವಿ’ ಅಂತ ಗಂಟ ಬೀಳ್ತಾರ. ಆಗ ಒಂದ್ ಸಣ್ಣ ಪದಾ ಕಟ್ಟಿ, ಅದರಾಗ ಹೆಸರು ಸೇರಿಸಿ ಹೇಳೂದು. ಅದು ಒಡಪು. ಒಡಪಿನಾಗ ಹೇಳಿದ್ರ ದೋಷ ಇಲ್ಲ, ಅದು ಮಾಫಿ. ನಾ ಗಾಡಿಂದ ಇಳದೆ. ಸೆರಗ ಸೊಂಟಕ್ಕ ಸಿಗಿಸಿದೆ, ಕೋಟಿನ ಮ್ಯಾಲಿಂದನ. ಕಣ್ಣ ಮುಚ್ಚಿ, ಬಾಯಿಗೆ ಬಂದದ್ದು ಕಟ್ಟಿ, ಎಷ್ಟ್ ದನಿ ಅದನೋ ಅಷ್ಟೂ ತಗದು ಒದರಿದೆ:

‘ಸಜ್ಜಿ ರೊಟ್ಟಿಗೆ ಎಳ್ಳ ಹಚ್ಚೀನಿ,
ಶೇಂಗಾ ಹೋಳಿಗಿಗೆ ತುಪ್ಪ ಬಿಟ್ಟೀನಿ,
ಉಣ್ಣಾಕ ಬರ್ರಿ ಅಂತ ಹೊಲದಾಗ ನಿಂತೀನಿ,
ಎಲ್ಲಿ ಅದಾರವ್ವಾ ನಮ್ಮ ಶಿವಲಿಂಗಪ್ಪಾ...!’

ಡಾರ್ಲೀನ್ ಬಾಯಿ ತಕ್ಕೊಂಡು ನಿಂತಾಳ. ನಾ ಮತ್ತ ಹೇಳಿದೆ. ಮೂರನೇ ಸಲ ಪದಾನೂ ಇಲ್ಲ ಗಿದಾನೂ ಇಲ್ಲ, ಬರೇ ‘ಶಿವಲಿಂಗಪ್ಪಾ! ಶಿವಲಿಂಗಪ್ಪಾ!’ ಅಂತ ಅಳಕೋತ ಒದರಿದೆ. ಆಗ ಬಂತು ನೋಡ್ರಿ, ತೆಳ್ಳನ ದನಿ, ಹಳ್ಳದ ಕಡಿಂದ. ಅದೂ ಸಿಟ್ಟಿನ ದನಿ. ‘ಯಾರವ್ವಾ ಅದು? ಮಂದ್ಯಾಗ ನನ್ನ ಹೆಸರ್ ಹಿಡದು ಕರಿಯಾಕಿ?’

ಓಡಿದ್ವಿ. ಓಡೂದೇನ್ ಬಂತು, ಜಾರ್ಕೋತ ಬಿದ್ಕೋತ ಹೋದ್ವಿ. ಹೊಲದ ಕಡೀ ಮೂಲ್ಯಾಗ ಹಳ್ಳದ ದಂಡಿಗೆ ಒಂದ್ ಮುಳ್ಳಿನ ಗಿಡಾ, ಇಲ್ಲಿ ಮೆಸ್ಕೀಟ್ ಅಂತಾರಲ್ಲ, ಥೇಟ್ ನಮ್ಮ ಬನ್ನಿ ಗಿಡದ ಜಾತಿ. ಅದರ ಬುಡಕ ಐದ್ ಕಲ್ಲು, ಕಲ್ಲಿಗೆ ಕುಂಕುಮ. ಬಾಜೂಕ ನಿಮ್ಮಜ್ಜ, ಕಂಬಳಿ ಹೊತ್ಕೊಂಡು, ಕಾಲು ಉಳಿಕಿ, ಮಾರಿ ಬೆವತು, ತುಟಿ ಬೆಳ್ಳಗ. ಆ ಚಳ್ಯಾಗ ಬೆವರು, ಅಂದ್ರ ತಿಳ್ಕೊಳ್ರಿ. ಬುಟ್ಟಿ ಖಾಲಿ. ಎಲ್ಲಾ ಭೂಮ್ತಾಯಿಗೆ ಹಾಕ್ಯಾರ, ತಮಗಂತ ಒಂದ್ ಚೂರು ಇಟ್ಕೊಂಡಿಲ್ಲ. ಡಾರ್ಲೀನ್ ಕೋಟಿನ ಕಿಸೆದಾಗ ಪೆಪ್ಪರಮೆಂಟ್ ಇದ್ವು, ಒಂದಾದ ಮ್ಯಾಲ ಒಂದ್ ಬಾಯಾಗ ಹಾಕಿದ್ಲು. ನಾ ಬೆನ್ನ ತಿಕ್ಕೋತ ಬೈದೆ, ಏನೇನ್ ಬೈದೆ ಅಂತ ನಿಮ್ಮ ಮುಂದ ಹೇಳಾಂಗಿಲ್ಲ. ‘ಅಷ್ಟ್ ಮಂದಿ ಕರದ್ರಲ್ಲ, ಕೇಳ್ಸಲಿಲ್ಲೇನ್ರಿ?’ ಅಂದೆ. ‘ಕೇಳ್ಸ್ತು. ಯಾರೋ ರೀ ರೀ ಅಂತಿದ್ರು. ದನಾ ಕರೀತಾರ ಅಂತ ತಿಳದೆ’ ಅಂದ್ರು!

ಇವ್ರ ಕಣ್ಣಾಗ ಒಂದೀಟು ಬೆಳಕು ಬಂದ ಮ್ಯಾಲ ಡಾರ್ಲೀನ್ ತನ್ನ ಗೋದಿ ಮ್ಯಾಲ ಬಿದ್ದ ಭಜ್ಜಿ ನೋಡಿ, ಕಲ್ಲು ನೋಡಿ, ಇದೇನು ಅಂತ ಕೇಳಿದ್ಲು. ಇವ್ರು ಅಂಜಕೋತ ನಿನಗ ಹೇಳಿದ್ರು, ‘ಭೂಮ್ತಾಯಿ ಬಸರಿ ಅದಾಳ, ಬಯಕಿ ಊಟ ಹಾಕೀನಿ ಅಂತ ಹೇಳವಾ.’ ನೀ ಏನಂದಿ ನೆನಪದ ಏನು? ‘ಬೇಬಿ ಶವರ್ ಫಾರ್ ದ ಡರ್ಟ್’ ಅಂದಿ, ಮಣ್ಣಿಗೆ ಸೀಮಂತ ಅಂತ! ಆಕಿ ಕಣ್ಣಾಗ ನೀರ್ ಬರೂ ತನಕಾ ನಕ್ಕಳು. ಬೈಲಿಲ್ಲ. ಬಗ್ಗಿ ಒಂದ್ ಕಡಬಿನ ತುಣಕು ಎತ್ತಿ ಗೋದಿ ನಡಕ ಇಟ್ಲು, ತಾನೂ ಚರಗ ಚೆಲ್ಲಿದಂಗ. ಇವ್ರು ‘ಥ್ಯಾಂಕ್ ಯೂ ಡಾರ್ಲಿಂಗ್’ ಅಂದ್ ಬಿಟ್ರು, ಹೆದರಿಕ್ಯಾಗ. ನಾ ಅವತ್ತ ಮಾಫ್ ಮಾಡಿದೆ.

ಮನಿಗೆ ಬಂದು ಬೆಂಕಿ ಮುಂದ ಕುಂಡ್ರಿಸಿ, ಅಲಸಂದಿ ಕಾಳಿಗೆ ಮನ್ಯಾಗ ಉಳದಿದ್ದ ಸಜ್ಜಿ ರೊಟ್ಟಿ ಮುರದು ಉಣಿಸಿದೆ. ಡಾರ್ಲೀನೂ ಉಂಡ್ಲು, ಆಕಿ ಗಂಡನೂ ಬಂದು ಉಂಡ, ಎಣ್ಣಿಗಾಯಿ ಖಾರ ಹತ್ತಿ ಮೂಗ ಒರಸ್ಕೋತ ಮತ್ತೊಂದ್ ಬೇಡಿದ. ಇಳಿಹೊತ್ತಿಗೆ ವಿಜಯಾ ಬಂದ್ಲು, ಮೈಯೆಲ್ಲಾ ರಾಡಿ, ಮಾರಿ ತುಂಬ ನಗು, ಆಕಳೂ ಉಳೀತು ಕರೂ ಉಳೀತು ಅಂತ. ನಡದದ್ದು ಕೇಳಿ ಅಪ್ಪನ ಕಾಲು ಹಿಡ್ಕೊಂಡು ಕೂತ್ಲು, ಅತ್ಲು, ಆಮ್ಯಾಲ ಕಾಲಿಗೆ ಪಟ್ಟಿ ಸುತ್ತಿದ್ಲು, ದನಕ್ಕ ಸುತ್ತೂ ಪಟ್ಟಿನ, ಕೆಂಪನ್ನದು. ನನಗೂ ಆವತ್ತ ಮೊದಲನೇ ಸಲ ಆ ಮನ್ಯಾಗ ಉಸರು ಸಲೀಸಾಗಿ ಬಂತು. ಹೊರಗ ಐಸ್ ಇತ್ತು, ಇರಲಿ ಬಿಡು ಅನಿಸ್ತು.

ಮತ್ತ ಆಯುಷ್ಯ ಕಡಿಮಿ ಆತೇನು? ಒಳಗ ಕೂತಾರ ನೋಡ್ರಿ, ಗುಂಡುಕಲ್ಲಿನಂಗ, ಟಿ.ವಿ. ದನಿ ಜೋರ್ ಮಾಡ್ಕೊಂಡು. ಅದಕ್ಕ ಹೇಳೂದು, ಮರ್ಯಾದಿ ಮನಸಿನಾಗ ಇರಲಿ, ಹೆಸರು ಬಾಯಾಗ ಇರಲಿ. ಬೇಕಾದವ್ರನ್ನ ಬಾಯಿ ತುಂಬ ಕರೀರಿ, ಕರದ್ರನ ಓ ಅಂತಾರ. ಏಳ್ರಿನ್ನ, ಕೈ ತೊಳ್ಕೊಳ್ರಿ, ರೊಟ್ಟಿ ಆರ್ತಾವ.